ಗೋಧಿ ಗಂಜಿಯ ಹಿಂಜ್, ಮೂಲೆ ಜೇಬು, ಅಂಚು ಪಟ್ಟಿ, ಟೇಪ್: ಕಾಗದದ ಕೃತಿಗೆ ಯಾವುದು ಸರಿ?

ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಸೆಮಿಸ್ಟರ್ ಬದಲಾದರೆ ಗೋಡೆಯೂ ಬದಲಾಗುತ್ತದೆ. ಹೊಸ ಸಾಲಿನ ಪ್ರದರ್ಶನಕ್ಕೆಂದು ಹೊರತೆಗೆದ ಎಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚು), ಮರದಚ್ಚು, ಜಲವರ್ಣ, ರೇಖಾಚಿತ್ರಗಳನ್ನು ಬೋರ್ಡಿಗೆ ಕೂರಿಸಲು ರೂಢಿಯಲ್ಲಿರುವುದು ನಾಲ್ಕು ವಿಧಾನ. ನಾಲ್ಕನ್ನೂ ಒಂದೇ ಬಗೆಯ ಹತ್ತಿ ಬೋರ್ಡಿನ ಮೇಲೆ ಬಳಸಿ ನೋಡಿದ್ದೇವೆ. ಹಾಳೆಯನ್ನು ಹಿಡಿದು ನಿಲ್ಲಿಸುವುದು ನಾಲ್ಕಕ್ಕೂ ಸಾಧ್ಯ. ವ್ಯತ್ಯಾಸ ಗೊತ್ತಾಗುವುದು ಬಿಡಿಸುವಾಗ. ಇಲ್ಲಿ ಬಿಡಿಸುವ ಸಂದರ್ಭ ಪದೇ ಪದೇ ಬರುತ್ತದೆ: ಕಲಾ ಇತಿಹಾಸದ ತರಗತಿಗೆ ಹಾಳೆಯ ಬೆನ್ನಿನ ಬರಹ ಬೇಕು, ವಾಟರ್‌ಮಾರ್ಕ್ ಬೇಕು, ಅಚ್ಚಿನ ಒತ್ತು ಹಿಂದೆ ಎಷ್ಟು ಮೂಡಿದೆ ಎಂಬುದೂ ಬೇಕು.

ಬೆಳಕಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಬೇಗ ಮಾಸುವ ಬಣ್ಣಗಳಿಗೆ ಅಂತರರಾಷ್ಟ್ರೀಯ ಬೆಳಕಿನ ಆಯೋಗದ 2004ರ ಮಾರ್ಗಸೂಚಿ ಕೊಡುವ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ವರ್ಷಕ್ಕೆ ಒಟ್ಟು 15,000 ಲಕ್ಸ್-ಗಂಟೆ. ದಿನಕ್ಕೆ 7 ಗಂಟೆ, ವಾರಕ್ಕೆ 6 ದಿನ ತೆರೆದಿಟ್ಟರೆ 13 ವಾರದ ಪ್ರದರ್ಶನಕ್ಕೆ 27,300 ಆಗುತ್ತದೆ. ಅಂದರೆ ಅರಿಶಿನದಂಥ ಬಣ್ಣವಿರುವ ಹಾಳೆಯನ್ನು ಏಳನೇ ವಾರಕ್ಕೆ ಇಳಿಸಿ, ಅದೇ ಫ್ರೇಮಿನಲ್ಲಿ ಇನ್ನೊಂದನ್ನು ಕೂರಿಸಬೇಕು. ಅಂಟು ಹಚ್ಚಿ ಕೂರಿಸಿದ್ದರೆ ಅಂದಿನ ಕೆಲಸ ದುಪ್ಪಟ್ಟು.

ಗೋಧಿ ಗಂಜಿಯ ಹಿಂಜ್, ಅಂದರೆ ಹಾಳೆಯನ್ನು ಬೋರ್ಡಿಗೆ ತೂಗುಹಾಕಲು ಗಂಜಿಯಿಂದ ಅಂಟಿಸುವ ತೆಳು ಕಾಗದದ ತುಂಡು, ಹಳೆಯ, ನಂಬಿಕಸ್ಥ ವಿಧಾನ, ಆದರೆ ಕೈ ಪಳಗಬೇಕು. ಗ್ಲುಟನ್ ತೆಗೆದ ಗೋಧಿ ಪಿಷ್ಟ ಒಂದು ಅಳತೆ, ಶುದ್ಧೀಕರಿಸಿದ ನೀರು ನಾಲ್ಕೈದು ಅಳತೆ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತ ಸುಮಾರು 30 ನಿಮಿಷ ಬೇಯಿಸಬೇಕು. ಬಿಳುಪು ಹೋಗಿ ಹೊಳಪಿನ ಅರೆಪಾರದರ್ಶಕ ಗಂಜಿಯಾದಾಗ ಇಳಿಸಿ, ಪೂರ್ತಿ ಆರಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಮೂರು ಸಲ ಒತ್ತಿ ಸೋಸಿ, ಕಡೆದ ಮೊಸರಿನ ಹದಕ್ಕೆ ತೆಳುಮಾಡಬೇಕು. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು; ಹುಳಿ ವಾಸನೆ ಬಂದರೆ ಎಸೆಯುವುದೇ ಸರಿ. ಪುಸ್ತಕ ಕಟ್ಟುವವರು ಮೈಲುತುತ್ತ ಬೆರೆಸಿ ಮಾಡುವ ಮೈದಾ ಅಂಟನ್ನು ಕೃತಿಯ ಹತ್ತಿರವೂ ತರಬೇಡಿ. ಮೈದಾದಲ್ಲಿ ಗ್ಲುಟನ್ ಉಳಿದಿರುತ್ತದೆ, ಮೈಲುತುತ್ತದ ತಾಮ್ರ ಕಾಗದದ ನಾರನ್ನೇ ಬೇಗ ಕೆಡಿಸುತ್ತದೆ.

ಹಿಂಜಿಗೆ ಕೋಜೋ ನಾರಿನ ಜಪಾನೀ ಕಾಗದ, ಕೃತಿಯ ಹಾಳೆಗಿಂತ ತೆಳುವಾದದ್ದು. ಇದು ನಿಯಮ: ಫ್ರೇಮ್ ಬಿದ್ದರೆ ಹಿಂಜ್ ಹರಿಯಬೇಕು, ಹಾಳೆ ಹರಿಯಬಾರದು. ಕತ್ತರಿ ಹಾಕದೆ, ಒದ್ದೆ ಕುಂಚದಿಂದ ಗೆರೆ ಎಳೆದು ಅದರ ಗುಂಟ ಹರಿಯಿರಿ. ನಾರುಗಳು ಎಳೆಯೆಳೆಯಾಗಿ ಉಳಿದು ಅಂಚಿನ ಗುರುತು ಮುಂಭಾಗಕ್ಕೆ ಮೂಡುವುದಿಲ್ಲ. ಹಾಳೆಯ ಮೇಲಂಚಿನ ಹಿಂಬದಿಗೆ 3ರಿಂದ 5 ಮಿ.ಮೀ. ಮಾತ್ರ ಅಂಟಿಸಿ, ಮೇಲೆ ಚಾಚಿದ ಭಾಗವನ್ನು ಬೋರ್ಡಿಗೆ ಅಡ್ಡಪಟ್ಟಿಯಿಂದ ಭದ್ರಪಡಿಸಿ. ಸಾಧಾರಣ ಅಳತೆಗೆ ಎರಡು ಹಿಂಜ್ ಸಾಕು. ಕೆಳಗೆ, ಪಕ್ಕಗಳಲ್ಲಿ ಅಂಟಿಸುವ ಆಸೆ ಬೇಡ: ಮಳೆಗಾಲದ ತೇವಕ್ಕೆ ಹಾಳೆ ಹಿಗ್ಗುತ್ತದೆ, ನಾಲ್ಕೂ ಕಡೆ ಕಟ್ಟಿಹಾಕಿದರೆ ನಡುವೆ ಅಲೆಯೇಳುತ್ತದೆ.

ಹೆಚ್ಚು ತಪ್ಪಾಗುವುದು ಒಣಗಿಸುವಾಗ. ಅಂಟಿದ ಜಾಗದ ಮೇಲೆ ಹತ್ತದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಪೇಪರ್, ಗಾಜಿನ ತುಂಡು, ತೂಕ. ಕೆಲವು ನಿಮಿಷದಲ್ಲೇ ಮೊದಲ ಬ್ಲಾಟಿಂಗ್ ಪೇಪರ್ ಬದಲಿಸಿ, ಮತ್ತೆ ಮುಕ್ಕಾಲು ಗಂಟೆ ಬಿಡಿ. ಬದಲಿಸದಿದ್ದರೆ ತೇವ ಹಾಳೆಯೊಳಗೆ ಹರಡಿ ಕಂದು ಅಂಚಿನ ಕಲೆ ನಿಲ್ಲುತ್ತದೆ. ಬಿಡಿಸಲು ಮತ್ತೆ ತೇವ ಬೇಕು. ನೀರಿಗೆ ಕರಗುವ ಶಾಯಿಯಾದರೆ ಅದೂ ಅಪಾಯ. ಆದರೂ ಅಂಚು ಪೂರ್ತಿ ಕಾಣುವಂತೆ ತೇಲಿಸಿ ತೋರಿಸಬೇಕಾದ ಕೈಕಾಗದದ ಮರದಚ್ಚಿಗೆ ಹಿಂಜ್ ಬಿಟ್ಟರೆ ಬೇರೆ ದಾರಿ ನಮಗೆ ಕಂಡಿಲ್ಲ.

ಮೂಲೆ ಜೇಬಿನಲ್ಲಿ ಕೃತಿಗೆ ಅಂಟೇ ಸೋಕುವುದಿಲ್ಲ. ಆಮ್ಲರಹಿತ ತೆಳು ಕಾಗದದ 25 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಪಟ್ಟಿಯ ಎರಡೂ ತುದಿಯನ್ನು ನಡುವಿಗೆ ಮಡಚಿದರೆ ತ್ರಿಕೋನದ ಜೇಬು. ಮಡಿಕೆ ಕೂಡುವ ಬದಿ ಬೋರ್ಡಿನ ಕಡೆಗಿರಲಿ. ಹಾಳೆ ತೂರಿಸಿ, ಮೂಲೆಯಲ್ಲಿ ಒಂದು ಮಿ.ಮೀ. ಸಡಿಲ ಬಿಟ್ಟು, ಜೇಬನ್ನು ಬೋರ್ಡಿಗೆ ಅಂಟಿಸಬೇಕು. ಅಳತೆಯಲ್ಲಿ ಎಡವುವುದು ಇಲ್ಲಿ: 25 ಮಿ.ಮೀ. ಜೇಬು ಮರೆಯಾಗಲು ಮ್ಯಾಟ್ ಕಿಟಕಿ (ಕೃತಿಯ ಮುಂದೆ ಕೂರುವ, ನಡುವೆ ಕತ್ತರಿಸಿ ತೆರೆದ ಬೋರ್ಡ್) ಹಾಳೆಯನ್ನು ಪ್ರತಿ ಬದಿಯಲ್ಲೂ ಕನಿಷ್ಠ 18 ಮಿ.ಮೀ. ಮುಚ್ಚಬೇಕು. ಎಚಿಂಗ್‌ಗೆ ಸುತ್ತಲೂ ಬಿಳಿ ಅಂಚು ಧಾರಾಳ, ಹಾಗಾಗಿ ತೊಂದರೆಯಿಲ್ಲ. ತುದಿಯವರೆಗೆ ಬಣ್ಣವಿರುವ ಜಲವರ್ಣಕ್ಕೆ ಇದು ಆಗದು. ಪಾರದರ್ಶಕ ಪಾಲಿಯೆಸ್ಟರ್ ಜೇಬು ಹಾಕಬಹುದೆಂದರೂ ದೀಪ ಬಿದ್ದಾಗ ಹೊಳೆಯುತ್ತದೆ, ಅದರ ಚೂಪು ಅಂಚು ತೆಳು ಹಾಳೆಯಲ್ಲಿ ಗೆರೆ ಮೂಡಿಸುತ್ತದೆ, ಸ್ಥಿರ ವಿದ್ಯುತ್ತು ಇದ್ದಿಲಿನ ಪುಡಿಯನ್ನು ಎಳೆಯುತ್ತದೆ. ಇದ್ದಿಲು, ಪ್ಯಾಸ್ಟೆಲ್ ಕೃತಿಗಳ ಮುಂದೆ ಮಾಮೂಲಿ ಅಕ್ರಿಲಿಕ್ ಹಾಕಬಾರದೆನ್ನುವುದೂ ಇದೇ ಕಾರಣಕ್ಕೆ. ಅಲ್ಲಿ ಗಾಜೇ ಇರಲಿ.

ದೊಡ್ಡ ಹಾಳೆಗೆ, ನಮ್ಮ ಅನುಭವದಲ್ಲಿ 50×65 ಸೆಂ.ಮೀ. ದಾಟಿದ ಮೇಲೆ, ಮೂಲೆ ಜೇಬು ಸೋಲುತ್ತದೆ. ಭಾರವೆಲ್ಲ ಕೆಳಗಿನ ಎರಡು ಮೂಲೆಗಳ ಮೇಲೆ ಬಿದ್ದು ಹಾಳೆಯ ನಡು ಉಬ್ಬಿ ಗಾಜಿನತ್ತ ವಾಲುತ್ತದೆ. ಆಗ ಅಂಚು ಪಟ್ಟಿ: ಉದ್ದಕ್ಕೆ ಮಡಚಿದ ಕಾಗದದ ಪಟ್ಟಿ ಕೆಳಗಂಚಿಗೆ ಹೆಚ್ಚುಕಡಿಮೆ ಪೂರ್ತಿ, ಪಕ್ಕ ಮತ್ತು ಮೇಲಂಚಿಗೆ ತುಂಡು ತುಂಡಾಗಿ. ಪಟ್ಟಿ ಅಂಟುವುದು ಬೋರ್ಡಿಗೆ ಮಾತ್ರ. ಮೇಲೆ, ಪಕ್ಕದಲ್ಲಿ ಎರಡು ಮೂರು ಮಿ.ಮೀ. ಜಾಗ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ತೇವಕ್ಕೂ ಹಾಳೆ ಮುದುರುವುದಿಲ್ಲ. ಮರದ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಬರೆದ ಮೈಸೂರು ಶೈಲಿಯ ಚಿತ್ರಗಳಿಗೆ ಈ ನಾಲ್ಕೂ ಹೊಂದುವುದಿಲ್ಲ. ಅವಕ್ಕೆ ಕೆಳಗೆ ಆಧಾರದ ಕಟ್ಟೆ ಬೇಕು, ಚಿನ್ನದ ಉಬ್ಬುಗೆಲಸ ಗಾಜಿಗೆ ತಾಗದಂತೆ ನಡುವೆ ಆಳದ ಅಂತರಪಟ್ಟಿಯೂ ಬೇಕು.

ಇನ್ನು ಟೇಪ್. ಪೊಟ್ಟಣದ ಮೇಲೆ ಆಮ್ಲರಹಿತ ಎಂದಿದ್ದರೂ ಒತ್ತಿದೊಡನೆ ಅಂಟುವ ಟೇಪನ್ನು ಕೃತಿಗೆ ಹಚ್ಚಬೇಡಿ. ಮೂರು ತಿಂಗಳಲ್ಲಿ ಏನೂ ಕಾಣುವುದಿಲ್ಲ, ಅದೇ ಮೋಸ. ವರ್ಷಗಳು ಕಳೆದಂತೆ ಅಂಟು ನಾರಿನೊಳಗೆ ಇಳಿಯುತ್ತದೆ. ಆಮೇಲೆ ನೀರಿಗೆ ಬಗ್ಗುವುದಿಲ್ಲ, ಸಂರಕ್ಷಕರು ದ್ರಾವಕ ಹಿಡಿದು ಕೂರಬೇಕಾಗುತ್ತದೆ. ಮ್ಯಾಟ್ ಕಿಟಕಿಯನ್ನೂ ಹಿಂದಿನ ಬೋರ್ಡನ್ನೂ ಪುಸ್ತಕದ ಹಾಗೆ ಜೋಡಿಸಲು ಲಿನನ್ ಟೇಪ್ ಉತ್ತಮ. ಉದ್ದನೆಯ ಬದಿಯಲ್ಲಿ ಜೋಡಿಸಿದರೆ ತರಗತಿಗೆ ತೆರೆದು ತೋರಿಸುವಾಗ ಕಿಟಕಿ ಜಾರುವುದಿಲ್ಲ.