ಹಳೆಯ ಲೇತ್, ಸಿಎನ್‌ಸಿ, ಹೊರಗಿನ ಜಾಬ್‌ವರ್ಕ್: ಒಂದೇ ಪಿನ್ ಮೂರು ಕಡೆ ಮಾಡಿ ನೋಡಿದಾಗ

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟವರನ್ನು ಕಾಡುವ ಪ್ರಶ್ನೆ ಇದು. ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯುವ ಸಿಎನ್‌ಸಿ ಮಷಿನ್ ತಗೋಬೇಕಾ, ಕೈಯಿಂದ ನಡೆಸುವ ಹಳೆಯ ಲೇತ್ ಸಾಕಾ, ಇಲ್ಲಾ ಸಿಎನ್‌ಸಿ ಇದ್ದವರ ಹತ್ತಿರ ಮಾಡಿಸಿಕೊಂಡರೆ ಆಯ್ತಾ? ನಾನು ಮೂರನ್ನೂ ಬಳಸಿದ್ದೇನೆ. ಹೋಲಿಸಲು ಒಂದೇ ಜಾಬ್ ತೆಗೆದುಕೊಳ್ಳೋಣ: ಹೈಡ್ರಾಲಿಕ್ ಸಿಲಿಂಡರ್‌ಗೆ ಹಾಕುವ 30 ಮಿ.ಮೀ. ಪಿನ್, ಒಂದು ತುದಿಗೆ ಥ್ರೆಡ್. ಡ್ರಾಯಿಂಗ್‌ನಲ್ಲಿ ಸಣ್ಣಕ್ಷರದ ಎಚ್7 (h7) ಅಂತ ಬರೆದಿರುತ್ತದೆ. ಅಂದರೆ ಅಳತೆ 30ರ ಮೇಲೆ ಹೋಗುವ ಹಾಗಿಲ್ಲ, ಕೆಳಗೆ 21 ಮೈಕ್ರಾನ್‌ವರೆಗೆ ನಡೆಯುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್.

ಲೇತ್ ಮೇಲೆ ಇದು ಆಗಲ್ಲ ಅನ್ನುವವರು ಒಳ್ಳೆಯ ಟರ್ನರನ್ನು ನೋಡಿಲ್ಲ. ಕೊನೆಗೆ ಕೂದಲೆಳೆಯಷ್ಟು ಮಾಲು ಬಿಟ್ಟು, ಜಾಬ್ ತಣಿಯಲು ಬಿಟ್ಟು, ಮೈಕ್ರೋಮೀಟರ್ ಹಿಡಿದು, ಎಮರಿ ಪೇಪರ್‌ನಲ್ಲಿ ಮುಗಿಸುತ್ತಾರೆ. ತಣಿಯಲು ಬಿಡುವುದು ಸುಮ್ನೆ ಅಲ್ಲ. ಉಕ್ಕು ಬಿಸಿಗೆ ಹಿಗ್ಗುತ್ತದೆ. ಪಿನ್ 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 10 ಮೈಕ್ರಾನ್ ದಪ್ಪ ತೋರಿಸುತ್ತದೆ. ನಮಗಿರುವ 21ರಲ್ಲಿ ಅರ್ಧ ಅಲ್ಲೇ ಹೋಯಿತು! ಹತ್ತು ಪಿನ್‌ಗೆ ಇಷ್ಟು ಗಮನ ಕೊಡಬಹುದು. ಇನ್ನೂರು ಪಿನ್ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಎಂಥವರ ಕೈಯೂ ಸೋಲುತ್ತದೆ.

ಸಿಎನ್‌ಸಿ ಗೆಲ್ಲುವುದು ಅಲ್ಲಿ. ವೇಗ ಅದರ ದೊಡ್ಡ ಗುಣ ಅಂತ ನನಗೆ ಅನಿಸಿಲ್ಲ. ಪ್ರೋಗ್ರಾಂ ಬರೆದು, ಪಿನ್ ಹಿಡಿಯುವ ಚಕ್‌ನ ಜಾ (ಹಿಡಿತದ ಹಲ್ಲು) ಹೊಂದಿಸಿ, ಪ್ರತಿ ಟೂಲಿಗೂ ಆಫ್‌ಸೆಟ್ (ಅದರ ತುದಿ ಎಲ್ಲಿದೆ ಅನ್ನುವ ಅಳತೆ) ತೆಗೆದು, ಮೊದಲ ಪೀಸ್ ಅಳೆದು ಪಾಸ್ ಮಾಡುವಷ್ಟರಲ್ಲಿ ಲೇತ್‌ನವರು ಪಿನ್ ಮುಗಿಸಿ ಚಹಾ ಕುಡಿದು ಬಂದಿರುತ್ತಾರೆ. ಆದರೆ ಆಮೇಲೆ ನೂರನೆಯ ಪಿನ್ನೂ ಮೊದಲನೆಯದರ ಹಾಗೇ ಬರುತ್ತದೆ. ಇನ್ಸರ್ಟ್, ಅಂದರೆ ಟೂಲಿನ ತುದಿಗೆ ಕೂರಿಸುವ ಕತ್ತರಿಸುವ ತುಣುಕು, ಸವೆದಂತೆ ಮಾತ್ರ ಪಿನ್ ನಿಧಾನವಾಗಿ ದಪ್ಪ ಆಗುತ್ತದೆ. ನಡುನಡುವೆ ಒಂದು ಪೀಸ್ ಅಳೆದು, ಆಫ್‌ಸೆಟ್‌ನಲ್ಲಿ ಎಕ್ಸ್‌ಗೆ (ದಪ್ಪದ ದಿಕ್ಕಿಗೆ) ಮೈನಸ್ 0.005 ಮಿ.ಮೀ. ಹಾಕಿದರೆ ಮತ್ತೆ ದಾರಿಗೆ ಬರುತ್ತದೆ. ಥ್ರೆಡ್‌ನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಲೇತ್‌ನಲ್ಲಿ ಟೂಲನ್ನು ಥ್ರೆಡ್ ಓಟಕ್ಕೆ ಜೋಡಿಸುವ ಹಾಫ್‌ನಟ್ ಲಿವರ್ ಮೇಲೆ ಕೈ, ಜಾಬ್ ಮೇಲೆ ಕಣ್ಣು. ಸಿಎನ್‌ಸಿಯಲ್ಲಿ ಥ್ರೆಡ್ ಹಾಕುವ ಆದೇಶ ಜಿ76 ಅಂತ ಬರೆದರೆ ಸಾಕು. ಸ್ಪಿಂಡಲ್ ಎಷ್ಟು ತಿರುಗಿದೆ ಅಂತ ಎನ್‌ಕೋಡರ್ ಹೇಳುತ್ತದೆ, ಟೂಲ್ ಪ್ರತಿ ಸಲವೂ ಅದೇ ಗೆರೆಗೆ ಇಳಿಯುತ್ತದೆ.

ಥ್ರೆಡ್ ನಡುವೆ ಕರೆಂಟ್ ಹೋಯಿತೋ, ತಾಳ್ಮೆ ಬೇಕು. ಪಿನ್ ಚಕ್‌ನಿಂದ ಬಿಚ್ಚಲೇಬಾರದು. ಬಿಚ್ಚಿದರೆ ಹಳೆಯ ಗೆರೆ ಮತ್ತೆ ಸಿಗುವುದು ಕಷ್ಟ. ಕರೆಂಟ್ ಬಂದ ಮೇಲೆ ಮೊದಲು ಟೂಲನ್ನು ಹೊರಗೆ ಎಳೆದು, ಆಮೇಲೆ ಉಳಿದ ಮಾತು.

ಹೊರಗೆ ಕೊಟ್ಟು ಮಾಡಿಸುವುದು ಹೊಸಬರಿಗೆ ಒಳ್ಳೆಯದು. ಬಂಡವಾಳ ಬೇಡ, ಕಂತಿನ ಚಿಂತೆ ಇಲ್ಲ. ಆದರೆ ಅವರ ದೊಡ್ಡ ಗಿರಾಕಿಯ ಆರ್ಡರ್ ಬಂದರೆ ನಮ್ಮ ಪಿನ್ ಮೂಲೆಗೆ. ಸಣ್ಣ ಲಾಟ್‌ಗೆ ಸೆಟ್ಟಿಂಗ್ ಖರ್ಚೂ ಭಾರ. ಪ್ರತಿ ತಿಂಗಳು ಅದೇ ಜಾಬ್ ಮರಳಿ ಬರಲು ಶುರುವಾದರೆ ಮಾತ್ರ ಸ್ವಂತ ಮಷಿನ್ ಲೆಕ್ಕ ಹಾಕಿ.

ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುವ ಜಿಲ್ಲೆ ಇದು. ಸಣ್ಣ ಗಿರಾಕಿಗಳೂ ಈಗ ಪಿನ್ ಜೊತೆ ಅಳತೆಯ ರಿಪೋರ್ಟ್ ಕೇಳುತ್ತಾರೆ. ಹಾಗಂತ ಲೇತ್ ಮಾರಬೇಡಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯವರು ಸವೆದು ಮುರಿದ ಬುಶ್ (ಶಾಫ್ಟ್‌ಗೆ ಹಾಕುವ ಕೊಳವೆಯಂಥ ಭಾಗ) ಹಿಡಿದು ಬರುತ್ತಾರೆ. ಡ್ರಾಯಿಂಗ್ ಇರುವುದಿಲ್ಲ. "ಇಂಥಾದ ಒಂದ ಮಾಡಿಕೊಡ್ರಿ, ಸಂಜಿಗೆ ಮಷಿನ್ ಚಾಲೂ ಆಗಬೇಕು" ಅಂತಾರೆ. ಸವೆದ ಬುಶ್ ಅಳೆದು, ಅದು ಮೊದಲು ಎಷ್ಟಿತ್ತು ಅಂತ ಅಂದಾಜು ಮಾಡಿ, ಶಾಫ್ಟ್‌ಗೆ ಹೊಂದಿಸಿ ಕೊಡುವ ಕೆಲಸಕ್ಕೆ ಇವತ್ತಿಗೂ ಲೇತೇ ಸರಿ.

ನಮ್ಮಲ್ಲಿ ಈಗ ಇಪ್ಪತ್ತು ಪೀಸ್‌ಗಿಂತ ಕಡಿಮೆ ಇದ್ದರೆ ಲೇತ್, ಜಾಸ್ತಿ ಇದ್ದರೆ ಸಿಎನ್‌ಸಿ. ಐಟಿಐ ಮುಗಿಸಿ ಬರುವ ಹುಡುಗರನ್ನು ಮೊದಲು ಲೇತ್ ಮೇಲೇ ನಿಲ್ಲಿಸುತ್ತೇವೆ. ಬಿಸಿ ತಡೆಯುವ ಕಾರ್ಬೈಡ್ ಇನ್ಸರ್ಟ್‌ನಿಂದ ನೀಲಿ ಚಿಪ್ ಬಂದರೆ ಗಾಬರಿ ಬೇಡ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಿಂದ ಬಂದರೆ ಟೂಲ್ ಸುಡುತ್ತಿದೆ ಅಂತ ಅರ್ಥ. ಇದನ್ನು ಕಣ್ಣಾರೆ ನೋಡಿ ಕಲಿತವರು ಸಿಎನ್‌ಸಿಯ ಬಾಗಿಲು ಮುಚ್ಚಿದ್ದರೂ ಸದ್ದು ಕೇಳಿಯೇ ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕಡಿಮೆ ಮಾಡುತ್ತಾರೆ.