ಇಲಿಯ ಸ್ನಾಯುವಿಗೆ ಇಲಿಯದೇ ಡೆಸ್ಮಿನ್ ಆ್ಯಂಟಿಬಾಡಿ: 50 ಕಿಲೋಡಾಲ್ಟನ್ ಆಸುಪಾಸಿನ ಬ್ಯಾಂಡನ್ನು ನಂಬಬೇಡಿ

ಸ್ನಾಯುವಿಗೆ ಗಾಯ ಮಾಡುವ ಕಾರ್ಡಿಯೊಟಾಕ್ಸಿನ್ ವಿಷ ಚುಚ್ಚಿ ಮೂರು ದಿನವಾದ ಇಲಿ ಸ್ನಾಯುವಿನಲ್ಲಿ, ಸ್ನಾಯುನಾರಿನ ತಂತು ಪ್ರೋಟೀನಾದ ಡೆಸ್ಮಿನ್ ಜಾಸ್ತಿಯಾಗಿದೆ ಎಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ದಾಟಿಸಿ, ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನ) ತೋರಿಸುತ್ತದೆ. ಬ್ಯಾಂಡ್ ಒಂದೇ, ದಪ್ಪಗಿದೆ, ಅಳತೆಯೂ ಸರಿಯಿದೆ. ಮತ್ತೆ ಮಾಡಿದರೂ ಅದೇ. ಆಮೇಲೆ ಯಾರೋ ಪ್ರೈಮರಿ (ಡೆಸ್ಮಿನ್ ಹಿಡಿಯುವ ಮೊದಲ ಆ್ಯಂಟಿಬಾಡಿ) ಬಿಟ್ಟು ಬರೀ ಸೆಕೆಂಡರಿ (ಪ್ರೈಮರಿಯನ್ನು ಹಿಡಿದು ಗುರುತು ತೋರಿಸುವ ಎರಡನೆಯದು) ಹಾಕಿ ನೋಡಿದರೆ ಬ್ಯಾಂಡ್ ಅಲ್ಲೇ ಕೂತಿರುತ್ತದೆ! ಅಲ್ಲಿಗೆ ಆವರೆಗಿನ ಅಂಕಿಗಳೆಲ್ಲ ಕಸ.

ಡೆಸ್ಮಿನ್ ತೂಕ 53 ಕಿಲೋಡಾಲ್ಟನ್. ರಕ್ತದ ಮುಖ್ಯ ಆ್ಯಂಟಿಬಾಡಿಯಾದ ಐಜಿಜಿಯ ಹೆವಿ ಚೈನ್ (ದೊಡ್ಡ ಸರಪಳಿ) ಸುಮಾರು 50. ಮಾಮೂಲಿ 10 ಶೇಕಡಾ ಜೆಲ್‌ನಲ್ಲಿ ಇವೆರಡನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಡೆಸ್ಮಿನ್‌ಗೆ ಹೆಚ್ಚು ಬಳಕೆಯಲ್ಲಿರುವ ಆ್ಯಂಟಿಬಾಡಿಗಳಾದ ಡಿ33, ಡಿಇ-ಯು-10 ಕ್ಲೋನ್‌ಗಳೆರಡೂ ಇಲಿಯ ಐಜಿಜಿ1 (ಐಜಿಜಿಯ ಒಂದು ಉಪವರ್ಗ). ಇವುಗಳ ಹಿಂದೆ ಹಾಕುವ ಆ್ಯಂಟಿ-ಮೌಸ್ ಸೆಕೆಂಡರಿಗೆ ನಾವು ಹಾಕಿದ ಆ್ಯಂಟಿಬಾಡಿ ಯಾವುದು, ಅಂಗಾಂಶದಲ್ಲಿ ಮೊದಲೇ ಇದ್ದ ಇಲಿಯ ಐಜಿಜಿ ಯಾವುದು ಎಂಬ ಭೇದವಿಲ್ಲ. ಗಾಯವಾದ ಸ್ನಾಯುವಿಗೆ ಪ್ಲಾಸ್ಮಾ ಸೋರುತ್ತದೆ. ಪೊರೆ ಹರಿದ ನಾರುಗಳ ಒಳಕ್ಕೂ ಐಜಿಜಿ ನುಗ್ಗುತ್ತದೆ. ಗಾಯ ಹೆಚ್ಚಿದಷ್ಟೂ ‘ಡೆಸ್ಮಿನ್’ ಹೆಚ್ಚು. ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಹರಿಸಿ ರಕ್ತ ತೊಳೆದರೂ ನಾರಿನೊಳಗೆ ಸೇರಿದ್ದು ಹೋಗುವುದಿಲ್ಲ.

ಇದರ ಮೇಲೆ, ಅಂಗಾಂಶದಿಂದ ಪ್ರೋಟೀನ್ ತೆಗೆಯಲು ಬಳಸುವ ರೀಪಾ ಬಫರ್‌ನ ಉಪಕಾರ ಬೇರೆ. ಡೆಸ್ಮಿನ್ ತಂತುಗಳು ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನಷ್ಟೇ ತೆಗೆದುಕೊಂಡರೆ ಡೆಸ್ಮಿನ್‌ನ ದೊಡ್ಡ ಪಾಲು ತಳದ ಗುಳಿಗೆಯ ಜೊತೆ ಕಸಕ್ಕೆ ಹೋಗುತ್ತದೆ. ಐಜಿಜಿ ಮಾತ್ರ ಪೂರ್ತಿ ಕರಗಿ ಲೇನ್‌ಗೆ ಬರುತ್ತದೆ. ಹಾಗಾಗಿ ದ್ರವಸಾರಜನಕದಲ್ಲಿ ಪುಡಿ ಮಾಡಿದ ಸ್ನಾಯುವನ್ನು ನೇರವಾಗಿ ಪ್ರಬಲ ಡಿಟರ್ಜೆಂಟ್ ಆದ 2 ಶೇಕಡಾ ಎಸ್‌ಡಿಎಸ್ ಬಫರ್‌ಗೆ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. ಐಸ್ ಮೇಲಿಟ್ಟರೆ ಎಸ್‌ಡಿಎಸ್ ಗಟ್ಟಿಯಾಗಿ ಕೂರುತ್ತದೆ. ಪ್ರೋಟೀನ್ ಅಳೆಯಲು ಬಿಸಿಎ ಪರೀಕ್ಷೆ ಸಾಕು, ಆದರೆ ಡಿಟಿಟಿ (ಪ್ರೋಟೀನ್ ಸರಪಳಿಗಳ ನಡುವಿನ ಗಂಧಕದ ಬಂಧ ಬಿಡಿಸುವ ವಸ್ತು) ಸೇರಿಸುವ ಮೊದಲೇ ಅಳೆಯಿರಿ. ಸೇರಿಸಿದ ಮೇಲೆ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ.

ಡೇಟಾಶೀಟ್‌ನ ಚಿತ್ರ ಚೊಕ್ಕವಾಗಿದೆಯಲ್ಲ ಎಂದರೆ, ಅದು ಯಾವ ಮಾದರಿಯದು ನೋಡಿ. ಮಾನವ ಅಂಗಾಂಶವೋ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಸಿ2ಸಿ12 ಸ್ನಾಯುಕೋಶಗಳನ್ನು ಒಡೆದ ಲೈಸೇಟೋ ಆಗಿದ್ದರೆ ಅದರಲ್ಲಿ ಇಲಿಯ ಐಜಿಜಿ ಇರುವುದೇ ಇಲ್ಲ. ಕ್ಲೋನ್‌ನಲ್ಲಿ ದೋಷವಿಲ್ಲ, ನಾವು ಹಾಕಿದ ಜಾಗ ತಪ್ಪು.

ಸುಲಭದ ದಾರಿ ಮೊಲದ ಮಾನೊಕ್ಲೋನಲ್ (ಒಂದೇ ಕ್ಲೋನ್‌ನ) ಡೆಸ್ಮಿನ್ ಆ್ಯಂಟಿಬಾಡಿ, ಜೊತೆಗೆ ಇಲಿಯ ಐಜಿಜಿಗೆ ಅಂಟದಂತೆ ಶೋಧಿಸಿದ ಆ್ಯಂಟಿ-ರ‍್ಯಾಬಿಟ್ ಸೆಕೆಂಡರಿ. ಇಲಿಯದ್ದನ್ನೇ ಬಳಸಬೇಕಾಗಿ ಬಂದರೆ, ಬ್ಲಾಟ್‌ಗೆ ಲೈಟ್ ಚೈನ್ (ಐಜಿಜಿಯ ಚಿಕ್ಕ ಸರಪಳಿ) ಮಾತ್ರ ಹಿಡಿಯುವ ಸೆಕೆಂಡರಿ ತನ್ನಿ. ಆಗ ಅಂಗಾಂಶದ ಐಜಿಜಿ 25ರ ಹತ್ತಿರ ಇಳಿಯುತ್ತದೆ, 53ರಲ್ಲಿ ಉಳಿಯುವುದು ಡೆಸ್ಮಿನ್. ಡಿಟಿಟಿ ಹಳತಾಗಿದ್ದರೆ ಸರಪಳಿಗಳು ಪೂರ್ತಿ ಬಿಡಿಯಾಗದೆ ಈ ಉಪಾಯ ಕೈಕೊಡುತ್ತದೆ. ಐಜಿಜಿ1ಕ್ಕೆ ಮಾತ್ರ ಅಂಟುವ ಸೆಕೆಂಡರಿ ಅರ್ಧ ಪರಿಹಾರವಷ್ಟೇ, ಇಲಿಯ ರಕ್ತದಲ್ಲೂ ಐಜಿಜಿ1 ಇದೆ.

ಸೆಕ್ಷನ್‌ಗಳಿಗೆ (ಸೂಕ್ಷ್ಮದರ್ಶಕಕ್ಕೆ ಕತ್ತರಿಸಿದ ತೆಳು ಪದರಗಳು) ಪ್ರೈಮರಿಗೂ ಮೊದಲು, ಅಂಗಾಂಶದ ಐಜಿಜಿಯನ್ನು ಮುಚ್ಚಲು, ಬಣ್ಣವಿಲ್ಲದ ಆ್ಯಂಟಿ-ಮೌಸ್ ಫ್ಯಾಬ್ (ಆ್ಯಂಟಿಬಾಡಿಯ ಹಿಡಿಯುವ ತೋಳು) ತುಣುಕು ಹಾಕಿ, ಮಿಲಿಲೀಟರಿಗೆ 0.1 ಮಿಲಿಗ್ರಾಂ, ಒಂದು ಗಂಟೆಯಿಂದ ಶುರು ಮಾಡಬಹುದು. ಒಂದೇ ತೋಳಿನ ಫ್ಯಾಬ್ ಆಗಿರಲೇಬೇಕು. ಎರಡು ತೋಳಿನ ತುಣುಕನ್ನೋ ಇಡೀ ಐಜಿಜಿಯನ್ನೋ ಹಾಕಿದರೆ ಖಾಲಿ ಉಳಿದ ತೋಳು ನಿಮ್ಮ ಪ್ರೈಮರಿಯನ್ನೇ ಹಿಡಿದುಕೊಂಡು ಕೆಲಸ ಇನ್ನಷ್ಟು ಕೆಡುತ್ತದೆ.

ಏನೇ ಬಳಸಿದರೂ ಒಂದೇ ಮೆಂಬ್ರೇನನ್ನು ಉದ್ದಕ್ಕೆ ಸೀಳಿ, ಒಂದು ಪಟ್ಟಿಗೆ ಬರೀ ಸೆಕೆಂಡರಿ ಹಾಕಿ. ನೆಗೆಟಿವ್ ಲೇನ್‌ಗೆ ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳಾದ ಎನ್ಐಎಚ್3ಟಿ3 ಚೆನ್ನ: ಅದರಲ್ಲಿ ಡೆಸ್ಮಿನ್‌ನ ದಾಯಾದಿ ವಿಮೆಂಟಿನ್ ಧಾರಾಳವಾಗಿದೆ, ಅಡ್ಡಹಿಡಿತವಿದ್ದರೆ ಅಲ್ಲೇ ಬಯಲಾಗುತ್ತದೆ. ಯಕೃತ್ತನ್ನು ನೆಗೆಟಿವ್ ಎಂದು ಇಡಬೇಡಿ, ಇಲಿಯಲ್ಲಿ ಅದರ ಸ್ಟೆಲೇಟ್ ಕೋಶಗಳಲ್ಲೂ ಡೆಸ್ಮಿನ್ ಇರುತ್ತದೆ.

ಸೂಕ್ಷ್ಮದರ್ಶಕದಲ್ಲಾದರೆ ಉದ್ದಕ್ಕೆ ಕತ್ತರಿಸಿದ ನಾರನ್ನು ನೋಡಿ. ನಿಜವಾದ ಡೆಸ್ಮಿನ್, ನಾರಿನ ಸಂಕೋಚನ ಘಟಕಗಳ ಗಡಿಗಳಾದ ಝಡ್-ಡಿಸ್ಕ್‌ಗಳ ಮಟ್ಟದಲ್ಲಿ ಸಣ್ಣ ಅಡ್ಡಗೆರೆಗಳಾಗಿ ಕಾಣುತ್ತದೆ. ಗೆರೆಯೇ ಇಲ್ಲದೆ ಊದಿಕೊಂಡ ನಾರೊಂದು ಇಡಿಯಾಗಿ ಹೊಳೆಯುತ್ತಿದ್ದರೆ, ಪಕ್ಕದ ಸೆಕ್ಷನ್‌ಗೆ ಬರೀ ಸೆಕೆಂಡರಿ ಹಾಕಿ ಅದೇ ನಾರನ್ನು ಹುಡುಕಿ.