650 ಟ್ವಿನ್‌ಗೆ ಸಸ್ಪೆನ್ಷನ್: ದಪ್ಪ ಎಣ್ಣೆ, ಸ್ಪ್ರಿಂಗ್, ಎಮ್ಯುಲೇಟರ್, ಹೊಸ ಶಾಕ್ಸ್, ಎಲ್ಲಾ ಹಾಕಿ ನೋಡಿದ್ದು

ನನ್ನದು ಎರಡು ಸಿಲಿಂಡರಿನ 650 ಸಿಸಿ ಬೈಕ್. ಗಾಡಿಯೇ 200 ಕೆಜಿ ದಾಟುತ್ತದೆ. ಮುಂದೆ 41 ಎಂಎಂ ಫೋರ್ಕ್, 110 ಎಂಎಂ ಟ್ರಾವೆಲ್, ಅಂದರೆ ಅದು ಕುಗ್ಗಬಹುದಾದ ಒಟ್ಟು ದೂರ. ಹಿಂದೆ ಎರಡು ಶಾಕ್ಸ್ (ಶಾಕ್ ಅಬ್ಸಾರ್ಬರ್), 88 ಎಂಎಂ ಟ್ರಾವೆಲ್. ಜಾಕೆಟ್, ಹೆಲ್ಮೆಟ್ ಸೇರಿ ನಾನು 84 ಕೆಜಿ, ಹೆಂಡತಿ 60. ಅವಳ ತವರು ಉಜಿರೆ ಹತ್ತಿರ, ಹಾಗಾಗಿ ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯುವುದು ನಮಗೆ ವರ್ಷಕ್ಕೆ ಐದಾರು ಸಲ ಇದ್ದೇ ಇದೆ. ಪ್ರತಿ ಸಲವೂ ಕೊಟ್ಟಿಗೆಹಾರ ಬರುವಷ್ಟರಲ್ಲಿ ಅವಳು ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದಳು. ಅದನ್ನು ನೋಡಲಾಗದೆ ಶುರು ಮಾಡಿದ ಕೆಲಸ ಇದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ದಾರಿ, ಅದೇ ಟೈರ್ ಪ್ರೆಶರ್.

ಮೊದಲು ದುಡ್ಡು ಖರ್ಚಿಲ್ಲದ್ದು, ಸ್ಯಾಗ್ ಅಳೆಯುವುದು. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸಲ್‌ನಿಂದ ಸೀಟಿನ ಕೆಳಗೆ ಅಂಟಿಸಿದ ಟೇಪಿನ ತನಕ ಅಳತೆ ತೆಗೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ನೀವು ಮೇಲೆ ಕೂತು, ಇನ್ನೊಬ್ಬರ ಕೈಲಿ ಮತ್ತೆ ಅಳೆಸಿ. ಎಷ್ಟು ಕುಗ್ಗಿತೋ ಅದೇ ಸ್ಯಾಗ್. ರಸ್ತೆ ಗಾಡಿಗೆ ಅದು ಟ್ರಾವೆಲ್‌ನ ಶೇ. 30ರ ಹತ್ತಿರ ಇರಬೇಕು, ಅಂದರೆ ನನ್ನ ಹಿಂಬದಿಗೆ 26 ಎಂಎಂ ಆಸುಪಾಸು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದು) ಮೂರನೇ ಮೆಟ್ಟಿಲಲ್ಲಿ ನಾನೊಬ್ಬನೇ ಕೂತಾಗ 28 ಬಂತು, ಸರಿಯಾಗಿತ್ತು. ಹೆಂಡತಿ ಹತ್ತಿದ ತಕ್ಷಣ 45! ಗಾಡಿ ಇನ್ನೂ ಮನೆ ಮುಂದೆ ನಿಂತಿದೆ, ಅರ್ಧ ಟ್ರಾವೆಲ್ ಆಗಲೇ ಮುಗಿದಿದೆ. ಹಂಪ್ ಬಂದಾಗ ಧಡ್ ಅಂತ ತಳ ಕಾಣುತ್ತಿದ್ದದ್ದು ಇದಕ್ಕೇ. ಕೊನೆಯ ಮೆಟ್ಟಿಲಿಗೆ ತಿರುಗಿಸಿದ ಮೇಲೂ 38ಕ್ಕಿಂತ ಕೆಳಗೆ ಬರಲಿಲ್ಲ. ಪ್ರಿಲೋಡ್ ಜಾಸ್ತಿ ಮಾಡಿದರೆ ಗಾಡಿ ಮೇಲೇಳುತ್ತದೆ ಅಷ್ಟೇ, ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಇಲ್ಲಿ ತುಂಬ ಜನ ತಪ್ಪು ತಿಳಿದಿದ್ದಾರೆ, ನಾನೂ ತಿಳಿದಿದ್ದೆ.

ಮುಂದಿನ ಫೋರ್ಕಿಗೆ ಮೊದಲು ಹಾಕಿಸಿದ್ದು ದಪ್ಪ ಎಣ್ಣೆ, 15ಡಬ್ಲ್ಯೂ (ಈ ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ). ಬ್ರೇಕ್ ಹಿಡಿದಾಗ ಮೂತಿ ಮುಗ್ಗರಿಸುವುದು ಕಮ್ಮಿಯಾಯಿತು, ನಿಜ. ಆದರೆ ಗುಂಡಿಯ ಅಂಚು ಸಿಕ್ಕಿದರೆ ಹೊಡೆತ ನೇರ ಮಣಿಕಟ್ಟಿಗೆ. ಈ ಫೋರ್ಕಿನೊಳಗಿರುವುದು ಡ್ಯಾಂಪರ್ ರಾಡ್, ಅಂದರೆ ತೂತು ಕೊರೆದ ಕೊಳವೆ. ಎಣ್ಣೆ ನಿಧಾನ ಹೋದರೆ ತೂತು ತಡೆಯುವುದೇ ಇಲ್ಲ. ನುಗ್ಗಿಕೊಂಡು ಹೋದರೆ, ವೇಗ ಎರಡು ಪಟ್ಟಾದಾಗ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ದಪ್ಪ ಎಣ್ಣೆ ಹಾಕಿದರೆ ಬೇಕಾದ ತಡೆಯೂ ಏರುತ್ತದೆ, ಬೇಡದ್ದೂ ಏರುತ್ತದೆ. ಅದರ ಮೇಲೆ ಆ ಮೆಕ್ಯಾನಿಕ್ ಎಣ್ಣೆಯನ್ನು ಅಂದಾಜಿಗೆ ಸುರಿದಿದ್ದ. ಮನೆಯಲ್ಲಿ ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ಸ್ಟೀಲ್ ಸ್ಕೇಲ್ ಇಳಿಸಿ ನೋಡಿದೆ. ಫೋರ್ಕಿನ ಎಡಗಾಲಿಗೂ ಬಲಗಾಲಿಗೂ ಎಣ್ಣೆ ಮಟ್ಟದಲ್ಲಿ 15 ಎಂಎಂ ವ್ಯತ್ಯಾಸ. ಎಣ್ಣೆ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ ಅಲ್ವಾ, ಆ ಜಾಗ ಕಮ್ಮಿಯಾದಷ್ಟೂ ಫೋರ್ಕ್ ಕೊನೆಯಲ್ಲಿ ಕಲ್ಲಾಗುತ್ತದೆ. ಎಷ್ಟು ಎಂಎಲ್ ಹಾಕಿದಿರಿ ಅಂತ ಕೇಳಿದರೆ ಸಾಲದು, ಮಟ್ಟ ಅಳೆದಿರಾ ಅಂತ ಕೇಳಿ. ಇನ್ನೊಂದು, ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದು ಕಂಪನಿಯ 10ಡಬ್ಲ್ಯೂ ಅಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ನಿಜವಾದ ಅಳತೆ) ಅಂತ ನೋಡಿ ಕೊಂಡುಕೊಳ್ಳಿ.

ಆಮೇಲೆ ಪ್ರೋಗ್ರೆಸಿವ್ ಸ್ಪ್ರಿಂಗ್, ಅಂದರೆ ಕುಗ್ಗಿದಷ್ಟೂ ಗಟ್ಟಿಯಾಗುತ್ತಾ ಹೋಗುವಂಥದ್ದು. ಊರೊಳಗೆ ಚೆನ್ನಾಗಿತ್ತು, ಹಂಪ್ ಮೇಲೆ ಮೆತ್ತಗೆ. ಆದರೆ ಘಾಟಿಯ ತಿರುವಿನಲ್ಲಿ ಬ್ರೇಕ್ ಬಿಡುವಾಗ ಮುಂಭಾಗ ಎಷ್ಟು ಏಳುತ್ತದೆ ಅಂತ ಕೈಗೆ ಗೊತ್ತಾಗುತ್ತಿರಲಿಲ್ಲ. ನನಗೆ ಒಗ್ಗಲಿಲ್ಲ, ಮಾರಿಬಿಟ್ಟೆ.

ಕೊನೆಗೆ ನಿಂತದ್ದು ಎಮ್ಯುಲೇಟರ್, ಜೊತೆಗೆ ನನ್ನ ತೂಕಕ್ಕೆ ಲೆಕ್ಕ ಹಾಕಿದ ಲೀನಿಯರ್ ಸ್ಪ್ರಿಂಗ್ (ಉದ್ದಕ್ಕೂ ಒಂದೇ ಗಟ್ಟಿತನದ್ದು). ಡ್ಯಾಂಪರ್ ರಾಡಿಗೆ ಇನ್ನಷ್ಟು ದೊಡ್ಡ ತೂತು ಕೊರೆದು ಅದರ ತಡೆಯನ್ನೇ ತೆಗೆದುಬಿಡುತ್ತಾರೆ. ರಾಡಿನ ತಲೆಯ ಮೇಲೆ ಒಂದು ಪುಟ್ಟ ಹಿತ್ತಾಳೆ ಬಣ್ಣದ ವಾಲ್ವ್ ಕೂರುತ್ತದೆ, ಅದೇ ಎಮ್ಯುಲೇಟರ್. ನಿಧಾನದ ಕುಗ್ಗುವಿಕೆಗೆ ಸಣ್ಣ ರಂಧ್ರ, ಜೋರು ಹೊಡೆತ ಬಿದ್ದರೆ ವಾಲ್ವ್ ಸ್ಪ್ರಿಂಗ್ ಒತ್ತಿ ತೆರೆದು ದಾರಿ ಕೊಡುತ್ತದೆ. ಕೊರೆದ ರಾಡನ್ನು ಮತ್ತೆ ಮೊದಲಿನಂತೆ ಮಾಡಲಾಗುವುದಿಲ್ಲ, ಅದು ಗೊತ್ತಿರಲಿ. ಎಷ್ಟು ಕುಗ್ಗುತ್ತದೆ ಅಂತ ನೋಡಲು ಫೋರ್ಕ್ ಕಾಲಿಗೆ ಒಂದು ಜಿಪ್ ಟೈ ಕಟ್ಟಿಕೊಂಡು ಚಾರ್ಮಾಡಿ ಇಳಿದೆ. ಮೊದಲೆಲ್ಲ ಅದು ಕೊನೆಯ ತನಕ ತಳ್ಳಿಸಿಕೊಂಡಿರುತ್ತಿತ್ತು. ಈ ಸಲ 92 ಎಂಎಂನಲ್ಲಿ ನಿಂತಿತ್ತು, ಮಣಿಕಟ್ಟು ನೋಯಲಿಲ್ಲ. ದಪ್ಪ ಎಣ್ಣೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಿಂದಕ್ಕೆ ಹಾಕಿದ್ದು ಥಾಯ್ಲೆಂಡಿನ ವೈಎಸ್‌ಎಸ್ ಶಾಕ್ಸ್, ರಿಬೌಂಡ್ (ಕುಗ್ಗಿದ್ದು ವಾಪಸ್ ಏಳುವ ವೇಗ) ತಿರುಗಿಸಿ ಹೊಂದಿಸಬಹುದಾದದ್ದು. ಆರ್ಡರ್ ಕೊಡುವಾಗ ಇಬ್ಬರ ತೂಕವನ್ನೂ ಹೇಳಿ ಸ್ಪ್ರಿಂಗ್ ಆರಿಸಿಕೊಂಡೆ. ಈಗ ಇಬ್ಬರು ಕೂತರೆ ಸ್ಯಾಗ್ 31, ಒಬ್ಬನೇ ಇದ್ದರೆ 22. ಒಬ್ಬನೇ ಆಫೀಸಿಗೆ ಹೋಗುವಾಗ ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ಎರಡಕ್ಕೂ ಒಂದೇ ಸ್ಪ್ರಿಂಗ್ ಹೊಂದುವುದಿಲ್ಲ, ನಾನು ಹಿಂದೆ ಕೂರುವವಳನ್ನು ನೋಡಿ ಆರಿಸಿದೆ. ರಿಬೌಂಡ್ ಹೊಂದಿಸುವುದಕ್ಕೆ ಹಾಸನ ಹೆದ್ದಾರಿಯ ರಂಬಲ್ ಪಟ್ಟಿಗಳು ಒಳ್ಳೆಯ ಜಾಗ. ರಿಬೌಂಡ್ ತಿರುಪು ಜಾಸ್ತಿ ಮುಚ್ಚಿದ್ದರೆ ಒಂದು ಪಟ್ಟಿಗೆ ಕುಗ್ಗಿದ್ದು ಏಳುವಷ್ಟರಲ್ಲಿ ಇನ್ನೊಂದು ಬರುತ್ತದೆ, ಗಾಡಿ ಕೆಳಕ್ಕೆ ಕೂರುತ್ತಾ ಹೋಗಿ ಕೊನೆಗೆ ಮರದ ಹಲಗೆಯಂತಾಗುತ್ತದೆ. ಜಾಸ್ತಿ ತೆರೆದಿದ್ದರೆ ಹಂಪ್ ದಾಟಿದ ಮೇಲೆ ಹಿಂದಿನವರನ್ನು ಎತ್ತಿ ಹಾಕುತ್ತದೆ. ಎರಡೆರಡು ಕ್ಲಿಕ್ ಬದಲಿಸಿ ಅದೇ ಪಟ್ಟಿಗಳ ಮೇಲೆ ಆರು ಸಲ ಓಡಾಡಿದೆ. ಪೂರ್ತಿ ಮುಚ್ಚಿ, ಅಲ್ಲಿಂದ 12 ಕ್ಲಿಕ್ ತೆರೆದಾಗ ನಮಗೆ ಸರಿ ಬಂತು.

ಒಂದಕ್ಕೇ ದುಡ್ಡಿದೆ ಅಂದರೆ: ಯಾವಾಗಲೂ ಇಬ್ಬರು ಹೋಗುವವರು ಹಿಂದಿನ ಶಾಕ್ಸ್ ಮೊದಲು ಬದಲಿಸಿ. ಒಬ್ಬರೇ ಓಡಿಸುವವರು ಹಿಂದೆ ಸ್ಯಾಗ್ ಸರಿ ಮಾಡಿಕೊಂಡು ಮುಂದೆ ಎಮ್ಯುಲೇಟರ್ ಹಾಕಿಸಿ. ಬರೀ ಎಣ್ಣೆ ದಪ್ಪ ಮಾಡಿಸುವುದಕ್ಕೆ ಸುಮ್ನೆ ಫೋರ್ಕ್ ಬಿಚ್ಚಿಸಬೇಡಿ.

ನನ್ನ ಮುಂಭಾಗದ ರಿಬೌಂಡ್ ಇನ್ನೂ ಒಂಚೂರು ನಿಧಾನ ಅನ್ನಿಸುತ್ತಿದೆ. ಎಮ್ಯುಲೇಟರ್ ಕುಗ್ಗುವಿಕೆಯನ್ನು ಮಾತ್ರ ನೋಡಿಕೊಳ್ಳುತ್ತದೆ, ವಾಪಸ್ ಏಳುವುದು ಈಗಲೂ ಎಣ್ಣೆಯ ಕೈಲಿದೆ. ಮಳೆಗಾಲ ಮುಗಿದ ಮೇಲೆ ಒಂದು ಹಂತ ತೆಳು ಎಣ್ಣೆ ಹಾಕಿ ನೋಡುತ್ತೇನೆ.